ಗಾಜಿನ ಗೋಡೆ, ಮಲೆನಾಡಿನ ಮಳೆ

ಕಾಡಿನ ನಡುವೆ, ಒಳಗೂ ಹೊರಗೂ ಬೆರೆತಂತಿರುವ ಮನೆಯೊಂದು ಬೇಕೆಂಬ ಹಂಬಲ ಅನೇಕರಲ್ಲಿದೆ. ಆದರೆ ಆ ‘ಹೊರಗು’ ಯಾವ ನಾಡಿನದು ಎಂಬುದನ್ನು ಮೊದಲು ಕೇಳಿಕೊಳ್ಳಬೇಕೆಂಬುದು, ಮೂರು ದಶಕ ಹಾಲೆಂಡಿನಲ್ಲಿ ಸಂಸಾರ ನಡೆಸಿದ ಗೃಹಿಣಿಯಾದ ನನ್ನ ಅಭಿಪ್ರಾಯ.

ನಮ್ಮ ಜೂಟರ್‌ಮೀರ್ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಊರು. 17ನೆಯ ಶತಮಾನದ ಆರಂಭದಲ್ಲಿ ಇಲ್ಲಿನ ಸರೋವರವನ್ನು ಬತ್ತಿಸಿ ನೆಲವಾಗಿಸಿದರು. 1960ರ ದಶಕದಿಂದೀಚೆಗೆ ಹಳ್ಳಿಯನ್ನು ಪಟ್ಟಣವಾಗಿಸಿದರು. 1992ರಲ್ಲಿ ಫ್ಲೋರಿಯಾಡೆ ಎಂಬ ಜಾಗತಿಕ ತೋಟಗಾರಿಕಾ ಮೇಳವನ್ನೂ ನಡೆಸಿದರು. ಪಕ್ಕದ ಬಲೈ ಕಾಡು ಸಹ ಮನುಷ್ಯರು ನೆಟ್ಟದ್ದೇ. ಕಾಡಿಗೂ ನಕ್ಷೆ ಬರೆಯುವ ಜನ ಇವರು!

ನಮ್ಮದು ‘ಡೋರ್‌ಜೊನ್‌ವೋನಿಂಗ್’, ಎಂದರೆ ಸೂರ್ಯ ಹಾದುಹೋಗುವ ಮನೆ. ಬೀದಿಗೊಂದು, ಹಿತ್ತಿಲಿಗೊಂದು ದೊಡ್ಡ ಕಿಟಕಿ. ನಡುವೆ ಅಡ್ಡಗೋಡೆಯಿಲ್ಲದ ಹಜಾರ. ಡಿಸೆಂಬರಿನಲ್ಲಿ ಎಂಟು ಗಂಟೆಯ ಹಗಲೂ ದೊರೆಯದ ಈ ನಾಡಿನಲ್ಲಿ ಗಾಜಿನ ಅಗತ್ಯ ಯಾರಿಗೂ ವಿವರಿಸಬೇಕಿಲ್ಲ. ಉಟ್ರೆಕ್ಟ್ ನಗರದಲ್ಲಿ ಮೂರು ಮಕ್ಕಳ ವಿಧವೆ ತಾಯಿ ಟ್ರೂಸ್ ಶ್ರೋಡರ್, ವಾಸ್ತುಶಿಲ್ಪಿ ರೀಟ್‌ವೆಲ್ಡ್ ಅವರೊಡನೆ ಕುಳಿತು ರೂಪಿಸಿದ 1924ರ ಮನೆಯನ್ನು ನೋಡಿದ್ದೇನೆ. ಮೂಲೆಯ ಕಿಟಕಿ ತೆರೆದರೆ ಗೋಡೆಯ ಮೂಲೆಯೇ ಮಾಯವಾಗುತ್ತದೆ. ಎದುರಿನ ಬಯಲಿಗಾಗಿ ಅಷ್ಟೆಲ್ಲ ಮಾಡಿದ್ದು. 1960ರ ದಶಕದಲ್ಲಿ ಆ ಬಯಲಿನಲ್ಲಿ ಹೆದ್ದಾರಿ ಎದ್ದಿತು. ಆಕೆ ಮಾತ್ರ 1985ರಲ್ಲಿ ಕಣ್ಮುಚ್ಚುವವರೆಗೂ ಅಲ್ಲಿಯೇ ಬಾಳಿದರು.

ಇಷ್ಟೆಲ್ಲ ಬರೆಯಲು ಕಾರಣ, ಬೆಂಗಳೂರಿಗೆ ಮರಳಿ ನೆಲೆಸಿರುವ ನನ್ನ ಮಗ ಕಳುಹಿಸಿದ ನಕ್ಷೆ. ತೀರ್ಥಹಳ್ಳಿಯ ಬಳಿ ಮಾವನವರು ಬಿಟ್ಟುಹೋದ ಮರಗಳ ತೋಪಿನಲ್ಲಿ ಅವನಿಗೆ ಆಧುನಿಕ ಮನೆ ಬೇಕು: ಮೂರು ಕಡೆ ನೆಲದಿಂದ ಛಾವಣಿಯವರೆಗೆ ಗಾಜು, ಚಪ್ಪಟೆ ತಾರಸಿ, ಸೂರೇ ಇಲ್ಲ. ಡಚ್ಚರ ನಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 850 ಮಿಲಿಮೀಟರ್. ನೆರೆಯ ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಗಾಳಿಯೊಡನೆ ಅಡ್ಡಲಾಗಿ ಹೊಡೆಯುವ ಆಷಾಢದ ಮಳೆಗೆ ಗಾಜನ್ನು ಮುಚ್ಚಲೇಬೇಕು. ಮುಚ್ಚಿದರೆ ಒಳಗೆ ಬೂಷ್ಟು. ರಾತ್ರಿ ದೀಪ ಹಚ್ಚಿದರಂತೂ ಗಾಜಿನಲ್ಲಿ ಕಾಡು ಕಾಣುವುದಿಲ್ಲ, ನಮ್ಮ ಮುಖವೇ ಕಾಣುತ್ತದೆ.

ನನ್ನ ತವರಿನ ತೊಟ್ಟಿಮನೆಯಲ್ಲಿ ಮಳೆ ಮನೆಯ ನಡುವೆಯೇ ಸುರಿಯುತ್ತಿತ್ತು. ಸುತ್ತಲಿನ ಒಣ ಜಗಲಿಯಲ್ಲಿ ಹೆಂಗಸರು ಅಡಕೆ ಸುಲಿಯುತ್ತ ಕೂರುತ್ತಿದ್ದರು. ತಲೆ ಬಗ್ಗಿಸಿ ನುಸುಳಬೇಕಾದಷ್ಟು ತಗ್ಗಿದ ಸೂರು ಎರಚಲನ್ನು ತಡೆಯುತ್ತಿತ್ತು. ಹಳೆಯದೆಲ್ಲ ಚೆನ್ನವೆಂದು ನಾನು ಹೇಳಲಾರೆ. ಗಂಡಸರ ಜಗಲಿಗೆ ಅಡಕೆತೋಟದ ನೋಟ. ಅಮ್ಮನ ಅಡುಗೆಮನೆಗೆ ಅಂಗೈಯಗಲದ ಗವಾಕ್ಷಿ. ಹೊಗೆಯಲ್ಲೇ ಆಕೆಯ ಕಣ್ಣುಗಳು ಸೋತವು.

ಆದ್ದರಿಂದ ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ತಿದ್ದಿದೆ: ಇಳಿಜಾರು ಹೆಂಚು, ನಾಲ್ಕಡಿ ಸೂರು, ನಡುವೆ ತೊಟ್ಟಿ, ಗಾಜೆಲ್ಲವೂ ಪೂರ್ವದ ಅಡುಗೆಮನೆಗೆ. ಎರಡು ಹಲಸು, ಒಂದು ನೇರಳೆ ಕಡಿಯಕೂಡದು, ಮನೆಯೇ ಓರೆಯಾಗಲಿ.

ಮಗನ ಉತ್ತರ ಒಂದೇ ಸಾಲಿನದು: “ನೀವಿಬ್ಬರೂ ಬಂದು ಇರುವಿರಾದರೆ ಹಾಗೆಯೇ ಕಟ್ಟಿಸುತ್ತೇನೆ.”

ನಮ್ಮವರು ಓದಿ ಸುಮ್ಮನೆ ಹಿತ್ತಿಲ ಕಿಟಕಿಯತ್ತ ತಿರುಗಿದರು. ಮಳೆಗಾಲ ಮುಗಿಯದೆ ಅಲ್ಲಿ ಪಾಯ ತೋಡಲಾಗದು. ಉತ್ತರಿಸಲು ನನಗೆ ಅಷ್ಟು ಕಾಲವಿದೆ.