ಕೆಎ 45

ಊರು ಯಾವುದು ಎಂದು ಯಾರಾದರೂ ಕೇಳಿದರೆ ಹತ್ತು ವರ್ಷದಿಂದ ನಾನು ‘ಮೈಸೂರು’ ಎಂದೇ ಹೇಳಿಕೊಂಡು ಬಂದಿದ್ದೇನೆ. ಬೆಂಗಳೂರಿನ ವಿಚಾರ ಸಂಕಿರಣಗಳಲ್ಲಿ ಅಷ್ಟು ಸಾಕಾಗುತ್ತದೆ. ಮೈಸೂರಿನಲ್ಲೇ ಕೇಳಿದರೆ ‘ಹುಣಸೂರು ಕಡೆ’ ಎನ್ನುತ್ತೇನೆ. ಆ ‘ಕಡೆ’ ಎನ್ನುವ ಮಾತಿನಲ್ಲಿ ಎಷ್ಟು ಮುಜುಗರ ಇದೆ ಎಂದು ಕಂಡುಹಿಡಿದವರು ಹುಣಸೂರಿನ ಹಳೇ ಪೇಟೆಯಲ್ಲಿ ಅಂಗಡಿ ಇಟ್ಟಿರುವ ಮಾವ.

ಮಾವ ಎಂದರೆ ನೆಂಟಸ್ತಿಕೆ ಏನಿಲ್ಲ. ಅವ್ವನ ತವರಿನವರು, ಹಾಗಾಗಿ ಮಾವ. ಅಂಗಡಿಯಲ್ಲಿ ಹಗ್ಗ, ಟಾರ್ಪಾಲು, ಗೋಣಿತಾಟು, ಕುಡುಗೋಲು, ಮಂಕರಿ, ಮಳೆಗಾಲದಲ್ಲಿ ಛತ್ರಿ. ಆದರೆ ಅಂಗಡಿ ನಿಂತಿರುವುದು ದಾರದ ಮೇಲೆ, ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ದಾರ. ಜುಲೈ ಬಂತೆಂದರೆ ನಮ್ಮ ಕಡೆ (ನೋಡಿ, ಮತ್ತೆ ‘ಕಡೆ’) ಮನೆಮನೆಯ ಮುಂದೆ ಹೆಂಗಸರು ಕೂತು ಹಸಿ ಎಲೆ ಕಟ್ಟುತ್ತಾರೆ, ಕಟ್ಟಿದ ಕಡ್ಡಿಗಳು ಬ್ಯಾರನ್ ಸೇರುತ್ತವೆ. ಸಂಜೆಗೆ ಅವ್ವನ ಕೈಗೆ ಕಪ್ಪು ಅಂಟು ಮೆತ್ತಿರುತ್ತಿತ್ತು. ಕೆಲವು ದಿನ ತಲೆಸುತ್ತು, ವಾಂತಿ. ಸೊಪ್ಪಿನ ನಂಜು ಎಂದು ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಅದಕ್ಕೆ ಬೇರೆ ಹೆಸರಿದೆ, ಅದು ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಇಳಿಯುವುದರಿಂದ ಆಗುತ್ತದೆ ಎಂದು ನಾನು ಓದಿದ್ದು ಎಂ.ಎ. ಮಾಡುವಾಗ.

ಈ ಸಲ ಜುಲೈನಲ್ಲಿ ಊರಿಗೆ ಹೋಗುವಾಗ ಅವ್ವ ದಾರ ತರಲು ಹೇಳಿದ್ದಳು. ಜಡಿಮಳೆ. ಅಂಗಡಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಮಾವ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ರಸ್ತೆಯಲ್ಲಿ ಹೋಗುವ ಗಾಡಿಗಳ ನಂಬರು ಓದುತ್ತಿದ್ದರು. ಇದು ಅವರ ಹಳೆಯ ಚಟ. “ನಲವತ್ತೈದು. ನಲವತ್ತೈದು. ಇದು ಹನ್ನೆರಡು, ಮಡಿಕೇರೀದು. ಇನ್ನೊಂದು ನಲವತ್ತೈದು.”

ಕೆಎ 45 ಹುಣಸೂರು ಆರ್‌ಟಿಒ ನಂಬರು. ಮೈಸೂರಿಗೆ 09 ಮತ್ತು 55 ಇವೆ, ನಮಗೆ ನಮ್ಮದೇ 45. ಮಾವನ ಪ್ರಕಾರ ಹುಣಸೂರು ಊರಾದದ್ದು ಆವತ್ತು. “ಮೈಸೂರಿಗೆ ಹೋದ್ರೂ ನಮ್ ಗಾಡಿ ನಮ್ದೇ ಅಂತ ಗೊತ್ತಾಯ್ತದೆ ಕಣವ್ವ. ನೀನು ಮಾತ್ರ ನಂಬರ್ ಪ್ಲೇಟ್ ಬಿಚ್ಚಿಟ್ಟು ಓಡಾಡ್ತೀಯ.”

ನಕ್ಕೆ. ಆದರೆ ನಾಟಿತು.

ಮಾವನ ಹೆಮ್ಮೆ ಸುಮ್ಮನೆ ಬಾಯಿಮಾತಿನದಲ್ಲ, ಅದಕ್ಕೆ ಲೆಕ್ಕಪತ್ರವಿದೆ. ಅಮೃತಮಹಲ್ ದನಗಳ ಇಲಾಖೆ ಒಂದು ಕಾಲಕ್ಕೆ ಇದ್ದದ್ದು ಇಲ್ಲಿ. ಕಂಪನಿ ಸೈನ್ಯಕ್ಕೆ ಚರ್ಮದ ಸಾಮಾನು, ಕಂಬಳಿ ಹೋಗುತ್ತಿದ್ದದ್ದು ಇಲ್ಲಿಂದ. ಉಪವಿಭಾಗಾಧಿಕಾರಿ ಕಚೇರಿ ಇಲ್ಲಿ. ಪುರಸಭೆ ಹೋಗಿ ನಗರಸಭೆ ಆಯಿತು. ಇವೆಲ್ಲಕ್ಕಿಂತ ಮೇಲೆ ದೇವರಾಜ ಅರಸು. ಅರಸರ ಊರು ಕಲ್ಲಹಳ್ಳಿ ಇದೇ ತಾಲ್ಲೂಕಿನದು. ಅವರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಕಾನೂನಿನಡಿ ಮಾವನ ಅಪ್ಪ ‘ಏಳನೇ ನಂಬರ್ ಫಾರಂ’ ಹಾಕಿ, ಅಲ್ಲಿಯವರೆಗೆ ವಾರಕ್ಕೆ ಉಳುತ್ತಿದ್ದ ಎರಡು ಎಕರೆಗೆ ಒಡೆಯರಾದರು. ಆ ಎರಡು ಎಕರೆಯ ಸೊಪ್ಪಿನ ದುಡ್ಡಿನಲ್ಲಿ ಈ ಅಂಗಡಿ ಬಂತು. ಹಾಗಾಗಿ ಅಂಗಡಿಯ ಗೋಡೆಯಲ್ಲಿ ಲಕ್ಷ್ಮಿ ಪಟದ ಪಕ್ಕ ಅರಸರ ಪಟ ಇದೆ. ಎರಡಕ್ಕೂ ದಿನಾ ಊದುಬತ್ತಿ.

2019ರ ಅಕ್ಟೋಬರಿನಲ್ಲಿ ಎ.ಎಚ್. ವಿಶ್ವನಾಥ್ ಅವರು ಮೈಸೂರು ಜಿಲ್ಲೆಯನ್ನು ಒಡೆದು ಹುಣಸೂರು ಕೇಂದ್ರವಾಗಿ ದೇವರಾಜ ಅರಸು ಜಿಲ್ಲೆ ಮಾಡಬೇಕೆಂದು ಕೇಳಿದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಜತೆಗೆ ಹೊಸ ತಾಲ್ಲೂಕುಗಳಾದ ಸಾಲಿಗ್ರಾಮ ಮತ್ತು ಸರಗೂರು ಅದರಲ್ಲಿ ಸೇರಬೇಕಿತ್ತು. ಉಪಚುನಾವಣೆಯ ಹೊತ್ತು ಅದು. ಮೈಸೂರನ್ನು ಒಡೆಯುವುದೇ ಎಂದು ಕೆಲವರು ಸಿಟ್ಟಾದರು. ಈ ಜಿಲ್ಲೆಯನ್ನು ಒಡೆದದ್ದು ಹೊಸದೇನಲ್ಲ. 1939ರಲ್ಲಿ ಮಂಡ್ಯ, 1997ರಲ್ಲಿ ಚಾಮರಾಜನಗರ ಬೇರೆಯಾಗಿದ್ದವು. ಡಿಸೆಂಬರಿನಲ್ಲಿ ವಿಶ್ವನಾಥ್ ಸೋತರು. ಜಿಲ್ಲೆಯ ಮಾತೂ ತಣ್ಣಗಾಯಿತು.

ಮಾವನ ಅಂಗಡಿಯಲ್ಲಿ ಮಾತ್ರ ತಣ್ಣಗಾಗಿಲ್ಲ. ಅವತ್ತೂ ತೂಕದ ಬಟ್ಟುಗಳನ್ನು ತೆಗೆದು ಗಲ್ಲಾದ ಹಲಗೆಯ ಮೇಲೆ ಜೋಡಿಸಿದರು. ನಡುವೆ ಎರಡು ಕೆ.ಜಿ. ಬಟ್ಟು, ಅದು ಹುಣಸೂರು. ಪಡುವಲಿಗೆ ಪಿರಿಯಾಪಟ್ಟಣ. ಬಡಗಲಿಗೆ ಕೆ.ಆರ್. ನಗರ. ತೆಂಕಲಿಗೆ ಕೋಟೆ. “ನಡುಮಧ್ಯ ಯಾರವ್ವ ಇರಾದು?”

ನಾನು ಸಂಶೋಧನೆ ಮಾಡುವವಳು, ಸುಮ್ಮನಿರಲಾದೀತೆ? ಕೆ.ಆರ್. ನಗರದವರಿಗೆ ರೈಲಿದೆ ಮಾವ, ಹತ್ತಿದರೆ ಮೈಸೂರಲ್ಲಿ ಇಳಿಯುತ್ತಾರೆ, ಹುಣಸೂರಿಗೆ ಯಾಕೆ ಬಂದಾರು ಅಂದೆ. ಕೋಟೆಯವರಿಗೆ ಮಾನಂದವಾಡಿ ರಸ್ತೆ ಇದೆ, ನೇರ ಮೈಸೂರು. ಪಿರಿಯಾಪಟ್ಟಣದವರು ಮೈಸೂರಿಗಿಂತ ಕುಶಾಲನಗರಕ್ಕೇ ಹೆಚ್ಚು ಹೋಗುವುದು.

ಮಾವ ಬಟ್ಟುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಡಿ.ಬಿ. ಕುಪ್ಪೆ ಕಂಡಿದ್ದೀಯಾ? ಕೇರಳದ ಗಡಿ, ಕಾಡೊಳಗೆ. ಅಲ್ಲಿಂದ ಒಬ್ಬ ಮೈಸೂರಿನ ಡೀಸಿ ಆಫೀಸಿಗೆ ಅರ್ಜಿ ಕೊಡೋಕೆ ಬಂದ್ರೆ ಒಂದು ದಿನದ ಕೂಲಿ ಹೋಯ್ತದೆ. ಬಂದಾಗ ಸಾಹೇಬ್ರು ಇರಲ್ಲ. ಇನ್ನೊಂದು ದಿನದ ಕೂಲಿ. ಹೊಸಪೇಟೆಗೆ ಆಯ್ತಲ್ಲ, ವಿಜಯನಗರ ಜಿಲ್ಲೆ? ಅವರಿಗೇನು ಎರಡು ಕೊಂಬಿದ್ದವಾ?”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಡಿ.ಬಿ. ಕುಪ್ಪೆಯವರಿಗೆ ಹುಣಸೂರೂ ಹತ್ತಿರವೇನಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.

ನನ್ನನ್ನು ಕಾಡುವುದು ಬೇರೆ. ಊರು ಬೆಳೆದಷ್ಟೂ ಮಾವನ ಅಂಗಡಿ ಸಣ್ಣದಾಗುತ್ತಿದೆ. ಬೈಪಾಸ್ ರಸ್ತೆಯಲ್ಲಿ ಬೈಕ್ ಷೋರೂಮು, ಬಟ್ಟೆ ಮಳಿಗೆ, ಕೊಡಗಿಗೆ ಹೋಗುವವರಿಗೆಂದು ಸಾಲು ಹೋಟೆಲು. ಟಾರ್ಪಾಲು ಈಗ ಮೊಬೈಲಿನಲ್ಲಿ ತರಿಸುತ್ತಾರೆ. ಇನ್ನು ಮೈಸೂರು–ಕುಶಾಲನಗರ ನಾಲ್ಕು ಪಥದ ಹೆದ್ದಾರಿ. 2023ರ ಮಾರ್ಚಿನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿದ್ದು, 92 ಕಿಲೋಮೀಟರ್, 4,130 ಕೋಟಿ ರೂಪಾಯಿ. ಅದು ಮುಗಿದರೆ ಕೊಡಗಿನ ಕಾರುಗಳು ಹುಣಸೂರಿನ ಒಳಗೆ ಬರಬೇಕಾಗಿಯೇ ಇಲ್ಲ. ಮಾವ ಆ ರಸ್ತೆಯ ಬಗ್ಗೆಯೂ ಬೀಗುತ್ತಲೇ ಹೇಳುತ್ತಾರೆ, “ನಾಲ್ವತ್ತು ಅಡಿ ಮಣ್ಣು ಏರಿಸವ್ರೆ, ಹೋಗಿ ನೋಡು!” ತನ್ನನ್ನು ದಾಟಿ ಹೋಗುವ ರಸ್ತೆಯ ಬಗ್ಗೆ ಇಷ್ಟು ಸಂಭ್ರಮ ಹೇಗೆ ಸಾಧ್ಯವೋ. ನಾನಾಗಿದ್ದರೆ ಒಂದು ಲೇಖನ ಬರೆದು ದುಃಖಪಡುತ್ತಿದ್ದೆ.

ಹೊಗೆಸೊಪ್ಪಿನ ವಿಷಯ ಎತ್ತಿದರೆ ಮಾತ್ರ ಅವರ ದನಿ ಇಳಿಯುತ್ತದೆ. ತಂಬಾಕು ಮಂಡಳಿ ಕರ್ನಾಟಕದಲ್ಲಿ ಹರಾಜು ಶುರು ಮಾಡಿದ್ದು 1984ರಲ್ಲಿ. ಅಲ್ಲಿಂದ ಈಚೆಗೆ ಈ ಊರಿನ ಮದುವೆ, ಮನೆ, ಕಾಲೇಜು ಫೀಸು ಎಲ್ಲವೂ ಹರಾಜುಕಟ್ಟೆಯ ದರದ ಮೇಲೆ. ಮಾವನ ಸಾಲದ ಪುಸ್ತಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಬರೆಯುವುದು, ಹರಾಜು ತೆರೆದ ಮೇಲೆ ಹೊಡೆದುಹಾಕುವುದು. ನನ್ನ ಡಿಗ್ರಿ ಫೀಸೂ ಆ ಪುಸ್ತಕದಲ್ಲಿ ಒಂದು ವರ್ಷ ಇತ್ತು, ಅಪ್ಪನ ಹೆಸರಿನ ಕೆಳಗೆ ‘ಮಗಳ ಓದಿಗೆ’ ಎಂದು. ಕೆಲವು ಹಾಳೆಗಳಲ್ಲಿ ಹೊಡೆದುಹಾಕದೆ ಉಳಿದ ಹೆಸರುಗಳೂ ಇವೆ. “ಅವನು ಹೋಗ್ಬುಟ್ಟ” ಎಂದಷ್ಟೇ ಹೇಳಿ ಹಾಳೆ ಮಗುಚುತ್ತಾರೆ. ಹೇಗೆ ಹೋದ ಎಂದು ನಾನು ಕೇಳುವುದಿಲ್ಲ. ಸೊಪ್ಪಿನ ದರ ಬಿದ್ದ ವರ್ಷಗಳು ನಮ್ಮ ತಾಲ್ಲೂಕಿನವರಿಗೆಲ್ಲ ಗೊತ್ತು.

ದಾರ ಕಟ್ಟಿಕೊಡುತ್ತಾ ಕೇಳಿದರು, “ನಿನ್ ಪುಸ್ತಕ ಎಲ್ಲಿಗೆ ಬಂತು?”

ಮಹಾಪ್ರಬಂಧ ಇನ್ನೊಂದು ವರ್ಷ ಮಾವ, ಅಂದೆ. ವಿಷಯ ಕನ್ನಡ ಕಾದಂಬರಿಗಳಲ್ಲಿ ಸಣ್ಣ ಪಟ್ಟಣಗಳು ಎಂದು ಅವರಿಗೆ ಮುಂಚೆಯೇ ಹೇಳಿದ್ದೆ. ಅದರಲ್ಲಿ ಹುಣಸೂರು ಎಲ್ಲೂ ಇಲ್ಲ ಎಂದು ಮಾತ್ರ ಹೇಳಿರಲಿಲ್ಲ.

“ಊರಿನ ಹೆಸರು ಹಾಕ್ತಾರಾ ಅದರಲ್ಲಿ?”

“ವಿಳಾಸದಲ್ಲಿ ಬರ್ತದೆ. ಊರು, ತಾಲ್ಲೂಕು, ಜಿಲ್ಲೆ.”

“ಹುಣಸೂರು ತಾಲ್ಲೂಕು ಅಂತ ಸರಿಯಾಗಿ ಬರಿ. ಜಿಲ್ಲೆ ಜಾಗ ಖಾಲಿ ಬಿಡು.”

“ಖಾಲಿ ಬಿಟ್ಟರೆ ಫಾರಂ ವಾಪಸ್ ಕಳಿಸ್ತಾರೆ ಮಾವ.”

“ಹಂಗಾದ್ರೆ ಪೆನ್ಸಿಲ್‌ನಲ್ಲಿ ಬರಿ” ಅಂದರು. ಆಮೇಲೆ ಸಾಲದ ಪುಸ್ತಕ ಬಿಡಿಸಿ, ಅವ್ವನ ಹೆಸರಿನ ಮುಂದೆ ದಾರದ ಲೆಕ್ಕವನ್ನು ಪೆನ್ನಿನಲ್ಲೇ ಬರೆದುಕೊಂಡರು.