ಒಪ್ಪವಿಡುವ ವಿದ್ಯೆ

ಒಪ್ಪವೆಂಬುದು ಮೇಲಿನಿಂದ ಬಳಿಯುವ ವಸ್ತುವೆಂದೇ ಜನರು ಸಾಮಾನ್ಯವಾಗಿ ತಿಳಿದಿರುವರು. ಮನೆಯ ಮುಂದೆ ನಿಂತ ಕಾರು ಮಂಕಾಯಿತೆಂದರೆ, ಏನನ್ನಾದರೂ ಹಚ್ಚಿ ಉಜ್ಜಿದರೆ ಹೊಳಪು ಮರಳುವುದೆಂದು ನಂಬಿಕೆ. ಇದು ಪೂರಾ ಸುಳ್ಳೆಂದು ಹೇಳುವಂತಿಲ್ಲ. ಮೇಣವೂ ಎಣ್ಣೆಯೂ ಗೀರುಗಳೊಳಗೆ ತುಂಬಿಕೊಂಡು ಕೆಲವು ದಿನ ಅವನ್ನು ಮರೆಮಾಡುವುದುಂಟು. ನಾಲ್ಕಾರು ಸಲ ತೊಳೆದ ಮೇಲೆ ಅವು ಮತ್ತೆ ತಲೆಯೆತ್ತುತ್ತವೆ. ನಿಜವಾದ ಒಪ್ಪವಾದರೋ ಕಳೆಯುವ ಕೆಲಸ. ಗೀರಿನ ತಳ ಎಷ್ಟು ಕೆಳಗಿದೆಯೋ ಅಷ್ಟರವರೆಗೆ ಸುತ್ತಲಿನ ಮೇಲ್ಮೈಯನ್ನೇ ಸವೆಸಿ ಮಟ್ಟಮಾಡಿದಾಗ ಗೀರು ಇಲ್ಲವಾಗುವುದು. ಹೀಗೆ ಕಳೆದುದು ಮರಳಿ ಬರತಕ್ಕದ್ದಲ್ಲ. ಆದುದರಿಂದಲೇ ಈ ವಿದ್ಯೆಗೆ ಕೈಹಾಕುವವನ ಮುಂದೆ ಮೊದಲು ಇಡುವುದು ಯಾರ ಕಾರನ್ನೂ ಅಲ್ಲ, ಒಂದು ಗುಜರಿಯ ತಗಡನ್ನು.

ಬೆಂಗಳೂರಿನ ಹೊರವಲಯದ ಒಂದು ಷೆಡ್ಡಿನಲ್ಲಿ ಅಂತಹ ತಗಡೊಂದಿದೆ. ಶಿವಾಜಿನಗರದ ಗುಜರಿಯಿಂದ ತಂದ ಕಪ್ಪು ಬಾನೆಟ್ಟು ಅದು. ಕಪ್ಪನ್ನೇ ಆರಿಸುವುದಕ್ಕೆ ಕಾರಣವುಂಟು: ಬಿಳಿಯ ಮೇಲೆ ಕಾಣದ ಗೀರು ಕಪ್ಪಿನ ಮೇಲೆ ಅಡಗಲಾರದು. ಈ ಬಾನೆಟ್ಟಿನ ಮುಂದೆ ನಾಲ್ಕು ತಿಂಗಳು ನಿಂತು ಕಲಿತವನು ಸಿರಾ ಕಡೆಯ ಒಬ್ಬ ಹುಡುಗ. ಅದಕ್ಕೆ ಮುಂಚೆ ಎರಡು ವರ್ಷ ಅವನು ಬೆಳಗಿನ ಐದು ಗಂಟೆಗೆ ಎದ್ದು, ಒಂದು ದೊಡ್ಡ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಇಪ್ಪತ್ತೈದು ಕಾರುಗಳನ್ನು ಒರೆಸುತ್ತಿದ್ದನು. ಅಷ್ಟಕ್ಕೂ ಇದ್ದುದು ಒಂದು ಬಕೀಟು ನೀರು, ಒಂದು ಬಟ್ಟೆ. ಒಂದು ಭಾನುವಾರ ಕಾರಿನೊಡೆಯರೊಬ್ಬರು ಅವನನ್ನು ಬಿಸಿಲಿಗೆ ಕರೆದುಕೊಂಡು ಹೋಗಿ ತಮ್ಮ ಕರಿಯ ಕಾರಿನ ಮೈಮೇಲಿನ ಗೀರುಗಳನ್ನು ತೋರಿಸಿ, “ಇದೆಲ್ಲ ನಿನ್ನ ಕೈಕೆಲಸ” ಎಂದರು; ಮುಂದಿನ ತಿಂಗಳಿನಿಂದ ಬರಬೇಡವೆಂದರು. ಹುಡುಗನಿಗೆ ನಂಬಿಕೆಯಾಗಲಿಲ್ಲ. ಬಿಸಿಲಿಗೆ ಬಂದ ಉಳಿದ ಕಾರುಗಳನ್ನು ಒಂದೊಂದಾಗಿ ನೋಡಿದನು. ತಾನು ಒರೆಸುತ್ತಿದ್ದ ಒಂದೊಂದರ ಮೇಲೂ ಜೇಡರ ಬಲೆಯಂತೆ ಅವೇ ಗೆರೆಗಳು ಸೂರ್ಯನ ಪ್ರತಿಬಿಂಬವನ್ನು ಸುತ್ತುವರಿದಿದ್ದವು. ಬಟ್ಟೆಗೆ ಅಂಟಿದ ಮರಳಿನ ಕಣವು ಒರೆಸಿದಷ್ಟು ಸಲವೂ ಬರೆದಿತ್ತು. ಇಪ್ಪತ್ತೈದು ಕಾರಿಗೆ ಒಂದು ಬಕೀಟು ನೀರು ಕೊಟ್ಟವರ ಪಾಲು ಇದರಲ್ಲಿ ಎಷ್ಟೆಂದು ಯಾರೂ ಲೆಕ್ಕ ಹಾಕಲಿಲ್ಲ, ಹಾಕುವುದೂ ವಾಡಿಕೆಯಲ್ಲ. ಅವನನ್ನು ಆ ಷೆಡ್ಡಿಗೆ ತಂದದ್ದು ಕೆಲಸ ಹೋದ ಕಷ್ಟಕ್ಕಿಂತ ಹೆಚ್ಚಾಗಿ ಆ ಗೆರೆಗಳೇ.

ಮೇಸ್ತ್ರಿ ಮೊದಲ ದಿನ ಯಂತ್ರವನ್ನು ಮುಟ್ಟಗೊಡಲಿಲ್ಲ. ಕೈಯಲ್ಲಿ ಟಾರ್ಚು ಕೊಟ್ಟು, “ಏನು ಕಾಣುತ್ತೆ ಹೇಳು” ಎಂದರು. ಚಕ್ರಾಕಾರದ ಗೆರೆಗಳು ಕಾಣುತ್ತವೆಂದು ಹುಡುಗ ಹೇಳಿದನು. “ನೀನು ಕಾರು ಒರೆಸುವಾಗ ಸುತ್ತು ಸುತ್ತಾಗಿ ಒರೆಸುತ್ತಿದ್ದೆಯೋ?” ಇಲ್ಲ, ಉದ್ದುದ್ದಕ್ಕೆ ಒರೆಸುತ್ತಿದ್ದನು. “ಹಾಗಾದರೆ ಚಕ್ರ ಎಲ್ಲಿಂದ ಬಂತು? ಟಾರ್ಚು ಸರಿಸಿ ನೋಡು.” ಟಾರ್ಚು ಸರಿದಂತೆ ಚಕ್ರಗಳೂ ಅದರೊಡನೆ ಸರಿದುವು. ಗೀರುಗಳು ಎಲ್ಲ ದಿಕ್ಕಿಗೂ ಹರಿದಿರುತ್ತವೆ. ಅವುಗಳಲ್ಲಿ ಬೆಳಕಿನ ಬಿಂಬಕ್ಕೆ ಅಡ್ಡಲಾಗಿ ಬಿದ್ದವು ಮಾತ್ರವೇ ಬೆಳಕನ್ನು ಕಣ್ಣಿನ ಕಡೆಗೆ ತಿರುಗಿಸುತ್ತವೆ; ಬಿಂಬದ ಸುತ್ತಲೂ ಅಂತಹವು ಸಾಲುಗೂಡಿದಾಗ ಚಕ್ರವಾಗಿ ತೋರುತ್ತದೆ. ಗೀರು ತಗಡಿನಲ್ಲಿದೆ, ಚಕ್ರವಿರುವುದು ದೀಪಕ್ಕೂ ಕಣ್ಣಿಗೂ ನಡುವೆ. ತರ್ಕಶಾಸ್ತ್ರವನ್ನು ಓದಿದವರು ಹಗ್ಗ ಹಾವುಗಳ ದೃಷ್ಟಾಂತದಲ್ಲಿಯೇ ಎಷ್ಟು ಕಾಲ ಕಳೆದಿಲ್ಲ! ಈ ಬಾನೆಟ್ಟು ಅದಕ್ಕಿಂತ ಸೂಕ್ಷ್ಮವಾದುದು. ದೀಪ ತಂದರೆ ಹಾವು ಹೋಗುತ್ತದೆ; ಇಲ್ಲಿ ದೀಪ ತಂದಾಗಲೇ ಚಕ್ರವು ಹುಟ್ಟುವುದು.

ಇನ್ನು ಆ ಮೇಲ್ಮೈಯ ದಪ್ಪದ ವಿಚಾರ. ಈಗಿನ ಕಾರುಗಳ ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರು, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟೆಂಬ ಬಣ್ಣವಿಲ್ಲದ ಪಾರದರ್ಶಕ ಪದರ. ಇವೆಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಒಪ್ಪವಿಡುವವನಿಗೆ ದಕ್ಕುವುದು ಮೇಲಿನ ಕ್ಲಿಯರ್ ಕೋಟು ಮಾತ್ರ. ಅದು ಸಾಮಾನ್ಯವಾಗಿ 35ರಿಂದ 50 ಮೈಕ್ರಾನು, ಅಂದರೆ ತಲೆಗೂದಲಿಗಿಂತ ತೆಳುವು. ಅದರಲ್ಲಿಯೂ ಎಲ್ಲವನ್ನೂ ಖರ್ಚುಮಾಡುವಂತಿಲ್ಲ, ಏಕೆಂದರೆ ಬಿಸಿಲಿನಿಂದ ಕೆಳಗಿನ ಬಣ್ಣವನ್ನು ಕಾಯುವುದೂ ಅದೇ. ಹದವಾಗಿ ಮಾಡಿದ ಒಂದು ಸಲದ ಕೆಲಸದಲ್ಲಿ ಕೆಲವೇ ಮೈಕ್ರಾನುಗಳು ಹೋಗುತ್ತವೆ. ಅಳತೆಯ ಉಪಕರಣವೊಂದಿದೆ, ತಗಡಿಗೆ ಒತ್ತಿದರೆ ಅಂಕಿಯನ್ನು ತೋರಿಸುತ್ತದೆ. ಷೆಡ್ಡುಗಳಲ್ಲಿ ಬಳಕೆಯಲ್ಲಿರುವ ಈ ಉಪಕರಣ ಹೇಳುವುದು ಒಟ್ಟು ದಪ್ಪವನ್ನು. ಅದರಲ್ಲಿ ಮೇಲಿನ ಪದರ ಎಷ್ಟು ಉಳಿದಿದೆಯೆಂಬುದನ್ನು ಅದು ಹೇಳಲಾರದು. ಮನೆಯ ಒಟ್ಟು ಆಸ್ತಿಯನ್ನು ತಿಳಿಸಿ, ಕೈಯಲ್ಲಿರುವ ನಗದನ್ನು ತಿಳಿಸದ ಲೆಕ್ಕದ ಪುಸ್ತಕದಂತೆ.

ಯಂತ್ರಗಳು ಎರಡು ಬಗೆ. ರೋಟರಿಯೆಂಬುದು ಒಂದೇ ಅಚ್ಚಿನ ಮೇಲೆ ನೇರವಾಗಿ ತಿರುಗುತ್ತದೆ. ಬೇಗ ಸವೆಸುತ್ತದೆ, ಬೇಗ ಕಾಯುತ್ತದೆ, ಬಲ್ಲವನ ಕೈಯಲ್ಲಿಲ್ಲದಿದ್ದರೆ ಬಿಸಿಲಿನಲ್ಲಿ ತೇಲಾಡುವ ನೆರಳುಪಟ್ಟೆಗಳನ್ನು ಬಿಟ್ಟುಹೋಗುತ್ತದೆ. ಡ್ಯುಯಲ್ ಆಕ್ಷನ್ನಿನದು ಎರಡು ಚಲನೆ. ಅದರ ಪ್ಯಾಡು ತನ್ನ ಸುತ್ತಲೂ ತಿರುಗುತ್ತ, 15 ಅಥವಾ 21 ಮಿಲಿಮೀಟರ್ ಅಗಲದ ಇನ್ನೊಂದು ಸಣ್ಣ ಸುತ್ತನ್ನೂ ಹಾಕುತ್ತದೆ. ಹೊಸಬನ ಕೈಗೆ ಇದೇ ಕ್ಷೇಮ. ಹೆಚ್ಚು ಒತ್ತಿದರೆ ಅಥವಾ ಓರೆಯಾಗಿ ಹಿಡಿದರೆ ಪ್ಯಾಡು ತಿರುಗುವುದನ್ನು ನಿಲ್ಲಿಸಿ ಬರಿದೆ ನಡುಗುತ್ತದೆ. ನಡುಗುವುದಕ್ಕೂ ತಿರುಗುವುದಕ್ಕೂ ಶಬ್ದದಲ್ಲಿ ಹೆಚ್ಚು ಭೇದವಿಲ್ಲದ ಕಾರಣ, ಪ್ಯಾಡಿನ ಹಿಂದಿನ ಬಿಲ್ಲೆಯ ಮೇಲೆ ಕರಿಯ ಗೆರೆಯೊಂದನ್ನು ಎಳೆದಿರುತ್ತಾರೆ. ಗೆರೆ ಸುತ್ತುತ್ತಿದ್ದರೆ ಕೆಲಸ ನಡೆಯುತ್ತಿದೆಯೆಂದು ಅರ್ಥ.

ಹುಡುಗನಿಗೆ ಕಷ್ಟವಾದದ್ದು ಯಂತ್ರದ ಭಾರವಲ್ಲ, ಅವಸರ. ಸೂರ್ಯ ಮೇಲೇರುವ ಮೊದಲು ಇಪ್ಪತ್ತೈದು ಕಾರು ಮುಗಿಸುತ್ತಿದ್ದ ತೋಳು ಅದು. ಈ ಕೆಲಸಕ್ಕೆ ಬೇಕಾದ ವೇಗ ಸೆಕೆಂಡಿಗೆ ಒಂದೆರಡು ಅಂಗುಲ. ಬಾನೆಟ್ಟಿನ ನಡುವೆ ಟೇಪು ಅಂಟಿಸಿ, ಎರಡಡಿ ಚೌಕವನ್ನು ಗುರುತುಮಾಡಿ, ಪ್ಯಾಡಿನ ಮೇಲೆ ಬಟಾಣಿಯಷ್ಟು ದಪ್ಪದ ನಾಲ್ಕು ಹನಿ ಕಾಂಪೌಂಡನ್ನಿಟ್ಟು, ಮೊದಲು ಅಡ್ಡಡ್ಡಲಾಗಿ, ಆಮೇಲೆ ಉದ್ದುದ್ದಕ್ಕೆ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ ಹೋಗಬೇಕು. ಅವನ ಕೈ ಮೂರನೆಯ ಸಾಲಿಗೆ ಓಡತೊಡಗುತ್ತಿತ್ತು. ಮಂತ್ರ ಹೇಳಿಕೊಡುವ ಗುರು ಅವಸರದ ಶಿಷ್ಯನಿಂದ ಪದಗಳನ್ನು ಬಿಡಿಬಿಡಿಯಾಗಿ ಹೇಳಿಸುವಂತೆ, ಮೇಸ್ತ್ರಿ ಅವನಿಂದ ಗಟ್ಟಿಯಾಗಿ ಅಂಕಿಗಳನ್ನು ಎಣಿಸಿದರು. ಬಂದುಹೋಗುವ ಗಿರಾಕಿಗಳು ನಕ್ಕರು. ಹತ್ತು ದಿನಗಳ ಮೇಲೆ ಎಣಿಕೆಯು ಬಾಯಿಂದ ತೋಳಿಗೆ ಇಳಿಯಿತು.

ಟೇಪು ಕಿತ್ತಾಗ ಒಂದು ಕಡೆ ಕೆಲಸ ಮಾಡಿದ ಭಾಗ, ಒಂದು ಕಡೆ ಮಾಡದ ಭಾಗ ಅಕ್ಕಪಕ್ಕದಲ್ಲಿ ಕಾಣುತ್ತವೆ. ಮೊದಲ ಚೌಕವು ಕನ್ನಡಿಯಂತಾಗಿರುವುದನ್ನು ನೋಡಿ ಅವನಿಗೆ ಉಂಟಾದ ಸಂತೋಷ ಎರಡು ನಿಮಿಷ ಬಾಳಿತು. ಮೇಸ್ತ್ರಿ ನೀರು ಬೆರೆಸಿದ ಆಲ್ಕೋಹಾಲನ್ನು ಸಿಂಪಡಿಸಿ ಒರೆಸಿದರು. ಕಾಂಪೌಂಡಿನ ಎಣ್ಣೆ ಹೋಯಿತು, ಮಾಯವಾಗಿದ್ದ ಗೀರುಗಳಲ್ಲಿ ಅರ್ಧದಷ್ಟು ಮತ್ತೆ ಬಂದುವು. “ಇಲ್ಲೇ ನಿಲ್ಲಿಸಿ ದುಡ್ಡು ತೆಗೆದುಕೊಳ್ಳೋರೂ ಇದ್ದಾರೆ ನೋಡಪ್ಪ” ಎಂದಷ್ಟೇ ಅವರು ಹೇಳಿದರು. ಗಿರಾಕಿಗೆ ಮೋಸ ತಿಳಿಯುವುದು ತಿಂಗಳ ಮೇಲೆ. ಆಗ ಅವನು ಬಯ್ಯುವುದು ಒಪ್ಪವಿಟ್ಟವನನ್ನಲ್ಲ, ಬೆಳಗಿನ ಹೊತ್ತು ಒರೆಸುವ ಹುಡುಗನನ್ನು.

ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಚನ್ನಪಟ್ಟಣದ ಬೊಂಬೆಗಾರರ ಚರಕಿಯನ್ನು ನೋಡಿದವರಿಗೆ ಇಲ್ಲಿಯ ಒಂದು ವಿಷಯ ಸ್ಪಷ್ಟವಾಗಿ ತಿಳಿಯುತ್ತದೆ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಗರಿ ಹಿಡಿದರೆ ಮಿರುಗುತ್ತದೆ. ಅಲ್ಲಿ ಕಾವು ಕೂಡಿಸುವ ಮಿತ್ರ. ಈ ಬಾನೆಟ್ಟಿನ ಮೇಲೆ ಅದೇ ಕಾವು ಶತ್ರು. ಬಿಸಿಲಿನಲ್ಲಿ ಕಾದ ಕಾರನ್ನು ಮುಟ್ಟುವುದಿಲ್ಲ; ಒಂದೇ ಕಡೆ ನಿಲ್ಲುವುದಿಲ್ಲ; ಕೆಲಸದ ನಡುವೆ ಆಗಾಗ ಮುಂಗೈಯನ್ನು ತಗಡಿಗೆ ಸೋಕಿಸಿ ನೋಡುತ್ತಾರೆ.

ಎಲ್ಲೆಯೆಲ್ಲಿಯೆಂಬುದನ್ನು ಹೇಳಿ ತಿಳಿಸುವುದು ಸಾಧ್ಯವಿಲ್ಲವಾದುದರಿಂದ, ಎರಡನೆಯ ತಿಂಗಳಿನಲ್ಲಿ ಮೇಸ್ತ್ರಿ ಒಂದು ವಿಚಿತ್ರವಾದ ಪಾಠವನ್ನಿಟ್ಟರು. ರೋಟರಿಗೆ ಉಣ್ಣೆಯ ಪ್ಯಾಡು ಹಾಕಿ ಕೊಟ್ಟು, ಬಾನೆಟ್ಟಿನ ಏಣಿನ ಮೇಲೆ ನಿಲ್ಲಿಸಿ, ಬಣ್ಣ ಹೋಗುವವರೆಗೂ ತೆಗೆಯಬಾರದೆಂದರು. ಎರಡು ತಿಂಗಳು ಅದೇ ಏಣುಗಳಿಗೆ ಟೇಪು ಅಂಟಿಸಿ ಕಾಪಾಡಿದ್ದ ಹುಡುಗನ ಕೈ ಏಳಲಿಲ್ಲ. “ಅಣ್ಣಾ, ಬೇಕೂ ಅಂತ ಕೆಡಿಸೋದಾ?” “ಇಲ್ಲಿ ಕೆಡಿಸದೆ ಹೋದರೆ ಗಿರಾಕಿ ಕಾರಲ್ಲಿ ಕೆಡಿಸುತ್ತೀಯ.” ಏಣುಗಳಲ್ಲಿಯೂ ಅಂಚುಗಳಲ್ಲಿಯೂ ಬಣ್ಣ ತೆಳುವಾಗಿ ನಿಂತಿರುತ್ತದೆ, ಪ್ಯಾಡಿನ ಒತ್ತಡವೆಲ್ಲವೂ ಆ ಕಿರಿದಾದ ಗೆರೆಯ ಮೇಲೆಯೇ ಬೀಳುತ್ತದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮೊದಲು ಸುಟ್ಟ ವಾಸನೆ. ಆಮೇಲೆ ಬಿಳಿಯ ಉಣ್ಣೆಯ ಮೇಲೆ ಕಪ್ಪು. ಅದು ಏನೆಂದು ನೋಡುವಷ್ಟರಲ್ಲಿ ಏಣಿನುದ್ದಕ್ಕೂ ಬೂದುಬಣ್ಣದ ಪ್ರೈಮರು. ಅಂಬಾಸಿಡರ್ ಕಾರುಗಳ ಕಾಲದಲ್ಲಿ (ಆ ಕಾರು ತಯಾರಾಗುವುದು 2014ರಲ್ಲಿ ನಿಂತಿತು) ಎಷ್ಟೋ ಕಾರುಗಳಿಗೆ ಮೇಲೆ ಕ್ಲಿಯರ್ ಕೋಟಿರಲಿಲ್ಲ. ಉಜ್ಜಿದ ಬಟ್ಟೆಗೆ ಬಣ್ಣ ಹತ್ತುವುದು ಕೆಲಸ ಸರಿಯಾಗಿ ನಡೆಯುತ್ತಿದೆಯೆಂಬುದರ ಗುರುತೇ ಆಗಿತ್ತು. ಮೇಸ್ತ್ರಿ ಕಲಿತದ್ದು ಆ ಕಾಲದಲ್ಲಿ. ಪ್ಯಾಡಿನ ಮೇಲಿನ ಅದೇ ಬಣ್ಣ ಈಗ ಎಲ್ಲೆ ದಾಟಿತೆಂಬುದರ ಗುರುತು. ಕೈಗೆ ಹತ್ತಿದ ವಿದ್ಯೆಯನ್ನು ನಡುವಯಸ್ಸಿನಲ್ಲಿ ತಿರುಗಿಸಿ ಕಲಿತವರು ಅವರು. ಶಿಷ್ಯನಿಗೆ ತಗಡು ಸುಡಿಸುವ ಯೋಚನೆ ಅವರಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ.

ನಾಲ್ಕನೆಯ ತಿಂಗಳಿನ ಕೊನೆಗೆ ಅವನ ಕೈಗೆ ಬಂದ ಮೊದಲ ಕಾರು, ಬ್ಯಾಂಕಿನಿಂದ ನಿವೃತ್ತರಾದವರೊಬ್ಬರ ಹನ್ನೆರಡು ವರ್ಷದ ಬೂದುಬಣ್ಣದ ಗಾಡಿ. ಅಳತೆಯ ಉಪಕರಣವು ಎಲ್ಲೆಡೆಯೂ 110ರಿಂದ 125ರವರೆಗೆ ತೋರಿಸಿ, ಮುಂದಿನ ಎಡಬಾಗಿಲಿನಲ್ಲಿ 300ರ ಹತ್ತಿರಕ್ಕೆ ಹಾರಿತು. ಆ ಬಾಗಿಲಿಗೆ ಎಂದೋ ಪೆಟ್ಟುಬಿದ್ದು ಮತ್ತೆ ಬಣ್ಣ ಹೊಡೆದಿದ್ದಾರೆಂಬುದು, ಹಳೆಯ ಗಾಡಿಯಾಗಿ ಕೊಂಡ ಒಡೆಯರಿಗೂ ಆ ದಿನವೇ ತಿಳಿದದ್ದು. ತೊಳೆದು, ಜೇಡಿಮಣ್ಣಿನಂತಹ ಮೆತ್ತನೆಯ ಕ್ಲೇಯನ್ನು ಜಾರಿಸಿ ಅಂಟಿದ ಕೊಳೆಯನ್ನು ತೆಗೆದು, ಏಣುಗಳಿಗೆಲ್ಲ ಟೇಪು ಅಂಟಿಸಿ, ಮೊದಲು ಒಂದು ಚೌಕದಲ್ಲಿ ಪರೀಕ್ಷೆ ಮಾಡಿ, ಎರಡು ದಿನ ಕೆಲಸ ಮಾಡಿದನು. ಹಿಂದಿನ ಬಾಗಿಲಿನ ಅಂಚಿನ ಹತ್ತಿರ ಒಂದು ಗೀರನ್ನು ಮಾತ್ರ ಮುಟ್ಟಲಿಲ್ಲ.

ಒಡೆಯರು ಬಿಸಿಲಿನಲ್ಲಿ ಕಾರನ್ನು ಸುತ್ತಿ ನೋಡಿ, ಸರಿಯಾಗಿ ಆ ಗೀರಿನ ಮುಂದೆಯೇ ನಿಂತರು. “ಇದೊಂದು ಯಾಕೆ ಬಿಟ್ಟೆಯಪ್ಪ?”

“ಉಗುರಾಡಿಸಿ ನೋಡಿ ಸಾರ್. ಉಗುರು ಸಿಕ್ಕಿಕೊಳ್ಳುತ್ತೆ. ಅಷ್ಟು ಆಳಕ್ಕೆ ಹೋದರೆ ಅಲ್ಲಿ ಬಣ್ಣ ಉಳಿಯೋದಿಲ್ಲ.”

ಅವರು ಉಗುರಾಡಿಸಿ ನೋಡಿದರು. “ಇರಲಿ ಬಿಡು” ಎಂದು ಹಣವನ್ನೆಣಿಸಿ ಕೊಟ್ಟರು. ಇನ್ನು ಮುಂದೆ ಹೇಗೆ ನೋಡಿಕೊಳ್ಳಬೇಕೆಂದು ಕೇಳಿದಾಗ ಹುಡುಗನು, ಕಾರನ್ನು ದಿನವೂ ಯಾರು ಒರೆಸುತ್ತಾರೆಂದು ವಿಚಾರಿಸಿದನು. ಬೆಳಿಗ್ಗೆ ಒಬ್ಬ ಹುಡುಗ ಬರುತ್ತಾನೆಂದು ಅವರು ಹೇಳಿದರು. ಅವನು ಷೆಡ್ಡಿನೊಳಕ್ಕೆ ಹೋಗಿ ಮೆತ್ತನೆಯ ಎರಡು ಹೊಸ ಮೈಕ್ರೋಫೈಬರ್ ಬಟ್ಟೆಗಳನ್ನು ತಂದು ಅವರ ಕೈಯಲ್ಲಿಟ್ಟು, ಒಣಗಿದ ಧೂಳನ್ನು ಒರೆಸಗೊಡಬೇಡಿರೆಂದೂ, ಮೊದಲು ನೀರು ಹರಿಸಿ ಮಣ್ಣಿಳಿಸಬೇಕೆಂದೂ, ಬಟ್ಟೆ ಹಿಂಡುವುದಕ್ಕೆ ಬೇರೆಯಾಗಿ ಇನ್ನೊಂದು ಬಕೀಟು ನೀರನ್ನು ತಾವೇ ಮನೆಯಿಂದ ಕೊಡಬೇಕೆಂದೂ ಹೇಳಿದನು.