ಖಾನಾವಳಿಯ ಬಿಸಿ ರೊಟ್ಟಿ

ಮನೆಯಲ್ಲಿ ಒಲೆ ಉರಿಯುತ್ತಿರಲು ಅನ್ನವನ್ನು ಹೊರಗೆ ಅರಸಿ ಹೋಗುವುದು ಗೃಹಸ್ಥನಿಗೆ ಒಪ್ಪದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನೂ ಅದನ್ನೇ ನಂಬಿ ನಡೆದವನು. ಅಂಥವನು ವಾರಕ್ಕೊಮ್ಮೆ ಧರ್ಮಪತ್ನಿಯೊಡನೆ ಧಾರವಾಡ, ಹುಬ್ಬಳ್ಳಿಗಳ ಖಾನಾವಳಿಗಳ ಮೆಟ್ಟಿಲೇರತೊಡಗಿದ್ದು ಹೇಗೆಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ. ತಮ್ಮಲ್ಲಿ ಅನೇಕರು ನನ್ನಂತೆಯೇ ಮಠದ ಪ್ರಸಾದನಿಲಯದ ಪಂಕ್ತಿಯಲ್ಲಿ ಉಂಡು ವಿದ್ಯೆ ಕಲಿತವರು. ಆದುದರಿಂದ ಈ ಮಾತು ತಮಗೆ ತೀರ ಹೊರಗಿನದೆನಿಸಲಾರದು.

ನಮ್ಮ ವಿವಾಹವಾದದ್ದು 1984ರಲ್ಲಿ. ನಾನು ಮಾಧ್ಯಮಿಕ ಶಾಲೆಯ ಶಿಕ್ಷಕನಾಗಿದ್ದು 2019ರಲ್ಲಿ ನಿವೃತ್ತನಾದೆ. ಆಕೆಗೆ ನಿವೃತ್ತಿಯೆಂಬುದಿರಲಿಲ್ಲ. 2023ರ ಬೇಸಗೆಯಲ್ಲಿ ಆಕೆಯ ಬಲಗೈ ಬೆರಳುಗಳು ರಾತ್ರಿಯೆಲ್ಲ ಜೋಮು ಹಿಡಿಯತೊಡಗಿದವು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಕೆಲವು ತಿಂಗಳು ರೊಟ್ಟಿ ಬಡಿಯುವುದನ್ನು ಬಿಡಬೇಕು ಎಂದು ವೈದ್ಯರು ಹೇಳಿದರು. ರೊಟ್ಟಿ ಬಡಿಯಬಲ್ಲ ತಾಯಂದಿರಿಗೆ ಇದರ ಕಷ್ಟವನ್ನು ವಿವರಿಸುವುದು ಉದ್ಧಟತನವಾದೀತು. ಉಣ್ಣುವುದನ್ನಷ್ಟೇ ಬಲ್ಲ ನನ್ನಂಥವರಿಗಾಗಿ ಹೇಳುತ್ತೇನೆ. ಜೋಳದ ಹಿಟ್ಟಿಗೆ ಗೋದಿಯ ಅಂಟು ಇಲ್ಲ. ಕುದಿಯುವ ನೀರನ್ನು ಹಾಕಿದಾಗಲೇ ಅದು ಹಿಡಿತಕ್ಕೆ ಬರುತ್ತದೆ. ಆ ಬಿಸಿ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಬಳಿಕ ತಟ್ಟಿ ತಟ್ಟಿ ಹಿಗ್ಗಿಸಬೇಕು. ಹಂಚಿಗೆ ಹಾಕಿ ಮೇಲೆ ನೀರು ಸವರಿ, ತಿರುವಿ, ಕಡೆಗೆ ಬೆಂಕಿಯ ಮಗ್ಗುಲಿಗಿಟ್ಟು ಉಬ್ಬಿಸಬೇಕು. ಇಷ್ಟೆಲ್ಲದರ ಭಾರ ಬೀಳುವುದು ಮಣಿಕಟ್ಟಿನ ಮೇಲೆಯೇ.

ಮೊದಲ ಹತ್ತು ದಿನ ಅಂಗಡಿಯ ಖಡಕ್ ರೊಟ್ಟಿಯಿಂದ ಕಳೆದೆವು. ನಾನೂ ಒಮ್ಮೆ ಹಿಟ್ಟಿಗೆ ಕೈ ಹಚ್ಚಿದೆ. ಆ ರೊಟ್ಟಿಯ ಆಕಾರವನ್ನು ಕುರಿತು ಇಲ್ಲಿ ಬರೆಯುವುದು ಬೇಡ. ಖಾನಾವಳಿಗೆ ಹೋಗೋಣವೆಂದಾಗ ಆಕೆ ಒಪ್ಪಲಿಲ್ಲ. "ಇಷ್ಟ ವರ್ಷ ಮನ್ಯಾಗ ಉಂಡ್ರಿ. ಈಗ ಮಂದಿ ಮುಂದ ತಾಟ ಇಟಗೊಂಡು ಕುಂಡ್ರೂದೇನ್ರಿ?" ಎಂದಳು. ಎರಡು ದಿನಗಳ ನಂತರ, ನನ್ನ ಎರಡನೆಯ ರೊಟ್ಟಿಯನ್ನು ಕಂಡಮೇಲೆ, ತಾನಾಗಿಯೇ ಚಪ್ಪಲಿ ಮೆಟ್ಟಿಕೊಂಡಳು.

ದಕ್ಷಿಣದ ಜಿಲ್ಲೆಗಳ ಓದುಗರಿಗೆ ಖಾನಾವಳಿಯ ಪರಿಚಯ ಕಡಿಮೆ ಇರಬಹುದು. ಅದು ತಿಂಡಿಯ ಹೋಟೆಲಲ್ಲ, ಊಟದ ಮನೆ. ನಮ್ಮ ಭಾಗದ ಊರುಗಳಲ್ಲಿ 'ಸಾವಜಿ' ಎಂಬ ಫಲಕವಿದ್ದರೆ ಮಾಂಸದ ಅಡಿಗೆಯೆಂದೂ, 'ಲಿಂಗಾಯತ ಖಾನಾವಳಿ' ಎಂದಿದ್ದರೆ ಶಾಕಾಹಾರವೆಂದೂ ಅಕ್ಷರ ಬಲ್ಲ ಹುಡುಗನೂ ಅರಿಯುತ್ತಾನೆ. ಒಳಗೆ ಉಣ್ಣಲು ಯಾವ ಕುಲದ ನಿರ್ಬಂಧವೂ ಇಲ್ಲ. ತಿಂಗಳ ಲೆಕ್ಕದಲ್ಲಿ ಉಣ್ಣುವ ಕಾರಕೂನರು, ವಿದ್ಯಾರ್ಥಿಗಳು, ಕಚೇರಿಯ ಕೆಲಸಕ್ಕೆ ಬಂದ ಹಳ್ಳಿಗರು ಅಲ್ಲಿ ಒಂದೇ ಮೇಜಿಗೆ ಕೂಡುತ್ತಾರೆ. ನನ್ನ ಸಹಪಾಠಿಗಳಲ್ಲಿ ಪ್ರಸಾದನಿಲಯದಲ್ಲಿ ಎಡೆ ದೊರೆಯದವರು ಊರಿನಿಂದ ಬಸ್ಸಿನ ಮೇಲೆ ಬರುವ ಬುತ್ತಿಯನ್ನು ಕಾಯುತ್ತಿದ್ದರು. ಬುತ್ತಿ ತಪ್ಪಿದ ದಿನ ಖಾನಾವಳಿಯೇ ಅವರ ತಾಯಿಮನೆ.

ಮೊದಲು ಹೋದ ಕಡೆ ನಿರಾಶೆಯಾಯಿತು. ಆ ಸ್ಥಳದ ಹೆಸರು ಇಲ್ಲಿ ಬೇಡ. ರೊಟ್ಟಿ ಬೆಳಗಿನ ರಾಶಿಯಿಂದ ಬಂದಿತ್ತು. ಆಕೆ ತುಟಿ ಬಿಚ್ಚದೆ ಉಂಡಳು. ಹೊರಗೆ ಬಂದ ಮೇಲೆ, "ಅದು ಎಣ್ಣೆಗಾಯಿ ಅಲ್ಲರಿ. ಬದನಿಕಾಯಿ ಇಡಿಯಾಗಿ ಸೀಳಿ ಶೇಂಗಾ, ಗುರೆಳ್ಳಿನ ಪುಡಿ ತುಂಬಬೇಕು. ಇವರು ಹೋಳ ಮಾಡಿ ಮ್ಯಾಲ ಮಸಾಲಿ ಸುರದಾರ" ಎಂದಳು. ಇನ್ನು ಈಕೆ ಬರಲಾರಳೆಂದುಕೊಂಡೆ. ಆದರೆ ತಪ್ಪು ಹುಡುಕುವುದರಲ್ಲಿಯೂ ಒಂದು ಉತ್ಸಾಹವಿರುತ್ತದೆಯಷ್ಟೆ! ಮುಂದಿನ ಗುರುವಾರ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟೆವು.

ಅಲ್ಲಿ ಒಂದು ಓಣಿಯ ತುದಿಯಲ್ಲಿ ಎಂಟು ಮೇಜುಗಳ ಚಿಕ್ಕ ಖಾನಾವಳಿ. ಒಳಗಿನ ಒಲೆ ಕುಳಿತಲ್ಲಿಂದಲೇ ಕಾಣುತ್ತಿತ್ತು. ಇಬ್ಬರು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಲಿದ್ದರು. ಆ ಸಪ್ಪಳವನ್ನು ಕೇಳಿ ಆಕೆಯ ಬಲಗೈ ಮಡಿಲಲ್ಲಿಯೇ ಅಲುಗಿತು. ತಾಟಿನಲ್ಲಿ ಮಡಿಕೆಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಸೀಳಿದ ಉಳ್ಳಾಗಡ್ಡಿ, ಹಕ್ಕರಕಿಯ ನಾಲ್ಕು ಎಸಳು, ಬಟ್ಟಲು ಮೊಸರು. ಹುಡುಗನು ಬೆಂಕಿಯಿಂದ ಇಳಿದ ರೊಟ್ಟಿಯನ್ನು ಬೆರಳಿನ ತುದಿಯಲ್ಲಿ ಹಿಡಿದು ಓಡಿ ಬಂದು, "ಅವ್ವಾರ, ಬಿಸಿ ಅದ, ನೋಡಿಕೋರಿ" ಎಂದು ಆಕೆಯ ತಾಟಿಗೆ ಹಾಕಿದನು. ಉಬ್ಬಿದ ಪದರು ಒಡೆದು ಹಬೆ ಎದ್ದಿತು. ಆಕೆ ತುಸು ಹೊತ್ತು ಮುಟ್ಟಲೇ ಇಲ್ಲ. ಆ ಮೇಲೆ ಒಂದನ್ನು ಪೂರ್ತಿ ಉಂಡು, ಹುಡುಗನನ್ನು ಕರೆದು, "ತಮ್ಮಾ, ಇನ್ನೊಂದು ದಪ್ಪಂದು ಹಾಕಸು, ಮೆತ್ತಗಿರ್ಲಿ" ಎಂದಳು.

ನನಗೆ ಅಚ್ಚರಿಯಾಯಿತು. ನಮ್ಮ ಮನೆಯಲ್ಲಿ ರೊಟ್ಟಿಯೆಂದರೆ ಹಾಳೆಯಂತೆ ತೆಳ್ಳಗಿರುವುದು. "ದಪ್ಪ ರೊಟ್ಟಿ ಯಾವಾಗಿನಿಂದ ಸೇರತೈತಿ ನಿನಗ?" ಎಂದು ಕೇಳಿದೆ.

"ಮೊದಲಿಂದನೂ. ತವರಮನ್ಯಾಗ ಅದನ್ನ ಉಣ್ಣತಿದ್ದೆ."

"ಮತ್ತ ಮಾಡಲಿಲ್ಲಲ್ಲ?"

"ನಿಮಗ ತೆಳ್ಳಂದು ಬೇಕಾಗಿತ್ತು. ಎಲ್ಲಾರದೂ ಆಗೂದ್ರಾಗ ಒಲಿ ಆರತಿತ್ತು. ಉಳದದ್ದು ಉಣ್ಣತಿದ್ದೆ."

ಇದರಲ್ಲಿ ದೂರು ಕಿಂಚಿತ್ತೂ ಇರಲಿಲ್ಲ. ಆಕೆ ಮೊಸರಿನಲ್ಲಿ ಚಟ್ನಿ ಕಲಸುತ್ತಿದ್ದಳು. ವಾಚಕರೇ, ನಾನು ಮೂವತ್ತೊಂಬತ್ತು ವರ್ಷ ಒಂದೇ ಒಲೆಯ ಅಡಿಗೆಯನ್ನು ಉಂಡೂ ಈ ಸಂಗತಿಯನ್ನು ಅರಿಯದೆ ಹೋಗಿದ್ದೆ. ಮಕ್ಕಳಿಗೆ ಯಾವ ಪಲ್ಯ ಸೇರದೆಂಬುದನ್ನು ಬಲ್ಲೆ. ನನ್ನ ತಾಯಿಗೆ ಖಾರ ಎಷ್ಟಿರಬೇಕೆಂಬುದೂ ಗೊತ್ತಿತ್ತು. ಆಗ ಪ್ರಸಾದನಿಲಯದ ನೆನಪಾಯಿತು. ಬಡಿಸಿದವನು ಕಡೆಯ ಪಂಕ್ತಿಗೆ ಉಣ್ಣಬೇಕೆಂದು ಅಲ್ಲಿ ಕಲಿತಿದ್ದೆ, ಅದನ್ನು ಸೇವೆಯೆಂದು ಭಾವಿಸಿದ್ದೆ. ಆದರೆ ಅಲ್ಲಿ ಪಾಳಿಯಿತ್ತು. ಈ ವಾರ ನಾನು ಬಡಿಸಿ ಆರಿದ್ದನ್ನು ಉಂಡರೆ ಬರುವ ವಾರ ಇನ್ನೊಬ್ಬನು ನನಗೆ ಬಿಸಿಯಾದುದನ್ನು ಬಡಿಸುತ್ತಿದ್ದನು. ಮನೆಗೆ ಬಂದಾಗ ಸೇವೆಯ ಮಾತನ್ನಷ್ಟೇ ತಂದೆ, ಪಾಳಿಯನ್ನು ನಿಲಯದಲ್ಲಿಯೇ ಬಿಟ್ಟು ಬಂದೆ.

ಅಂದಿನಿಂದ ಗುರುವಾರ ತಪ್ಪಲಿಲ್ಲ. ಎಷ್ಟು ಖಾನಾವಳಿಗಳಾದವೆಂದು ಲೆಕ್ಕವಿಟ್ಟಿಲ್ಲ. ಫಲಕವನ್ನು ನೋಡಿ ಒಳಹೊಗುವವನು ನಾನು, ಒಲೆಯನ್ನು ನೋಡಿ ಕುಳಿತುಕೊಳ್ಳುವವಳು ಆಕೆ. ರೊಟ್ಟಿಯ ಅಂಚು ಹರಿದಿದ್ದರೆ ಹಿಟ್ಟು ಹಳತಾಗಿ ಜಿಗಿ ಹೋಗಿದೆಯೆಂದು ಹೇಳಿಬಿಡುವಳು. 2023ನೆಯ ಇಸವಿಯನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಸಾರಿತ್ತು. ಜೋಳವೂ ಆ ಸಾಲಿನಲ್ಲಿ ಸೇರಿತ್ತು. ದೊಡ್ಡ ಹೋಟೆಲೊಂದರಲ್ಲಿ ಅದರ ಹೆಸರಿನಲ್ಲಿ ಅಂಗೈಯಗಲದ ರೊಟ್ಟಿ ತಂದಿಟ್ಟರು. ಆಕೆ ಅದನ್ನು ನೋಡಿ, "ಇದು ಕೂಸಿಗೆ ಆಡಾಕ ಕೊಟ್ಟದ್ದೇನ್ರಿ?" ಎಂದು ನಕ್ಕಳು.

ಹುಬ್ಬಳ್ಳಿಯ ಆ ಓಣಿಗೆ ಮಾತ್ರ ಮತ್ತೆ ಮತ್ತೆ ಹೋದೆವು. ಒಂದು ದಿನ ಊಟವಾದ ಬಳಿಕ ಆಕೆ ನೇರವಾಗಿ ಒಳಗೆ ನಡೆದು, ರೊಟ್ಟಿ ಬಡಿಯುತ್ತಿದ್ದವರನ್ನು, "ನೀವು ಉಣ್ಣೂದು ಯಾವಾಗ್ರವ್ವಾ?" ಎಂದು ವಿಚಾರಿಸಿದಳು. "ಗಿರಾಕಿ ಮುಗದ ಮ್ಯಾಲ, ಮೂರೂವರಿಗೆ, ಯಕ್ಕಾ" ಎಂದರು. ಮುಂದಿನ ಗುರುವಾರ ನನಗೆ ಒಂದು ಗಂಟೆಗೆ ಉಣ್ಣಲು ಹೇಳಿ ತಾನು ಉಣ್ಣದೆ ಕುಳಿತಳು. ಮೂರೂವರೆಗೆ ಒಳಗೆ ಹೋಗಿ ಅವರಿಬ್ಬರ ಮಗ್ಗುಲಲ್ಲಿ ನೆಲದ ಮೇಲೆ ಕುಳಿತಳು. ಉಳಿದ ರೊಟ್ಟಿಗಳು ಬುಟ್ಟಿಯಲ್ಲಿ ಆರಿದ್ದವು. ನಾನು ಬಾಗಿಲಲ್ಲಿ ನಿಂತಿದ್ದೆ. "ಬರೇ ನಿಂತು ನೋಡತೀರೇನ್ರಿ? ಹಂಚಿನ್ಯಾಗ ಬಿಸಿ ಮಾಡಿ ಹಾಕ್ರಿ" ಎಂದಳು.

ಆ ಹೆಣ್ಣುಮಕ್ಕಳು, "ಬ್ಯಾಡ್ರಿ ಅಜ್ಜಾರ" ಎಂದು ಏಳಹೋದರು. ಆಕೆ ಇಬ್ಬರ ಭುಜವನ್ನೂ ಹಿಡಿದು ಕೂಡಿಸಿದಳು. ನಾನು ಅಂಗಿಯ ತೋಳು ಮಡಚಿ ಒಲೆಯ ಮುಂದೆ ಕುಳಿತೆ. ಮೊದಲನೆಯ ರೊಟ್ಟಿ ತುಸು ಕರಕಾಯಿತು. ಅದನ್ನು ನನಗೆಂದು ಬದಿಗೆ ತೆಗೆದಿರಿಸಿ ಎರಡನೆಯದನ್ನು ಹಂಚಿಗೆ ಹಾಕಿದೆ.